ತೋನ್ಸೆಪಾರಿಗೆ ಹೋಗಿಬರುವವರಿಗೆ

ಅಂದಮಾನ್, ಲಕ್ಷದ್ವೀಪಗಳನ್ನು ನೋಡಿ ಬಂದವರು ನಮ್ಮ ಶಿರ್ವದಲ್ಲಿಯೂ ಇದ್ದಾರೆ. ಆದರೆ ಮಲ್ಪೆಯಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ, ಕಡಲ ನಡುವೆ ಇರುವ ತೋನ್ಸೆಪಾರನ್ನು, ಎಂದರೆ ಸೈಂಟ್ ಮೇರೀಸ್ ದ್ವೀಪವನ್ನು, ಸಾವಧಾನವಾಗಿ ಕಂಡವರು ವಿರಳ. ಕೈಗೆಟುಕುವ ವಸ್ತುವಿನಲ್ಲಿ ಔದಾಸೀನ್ಯವು ಮನುಷ್ಯಸಹಜವಷ್ಟೆ. ಮಕ್ಕಳೊಡನೆ ಅಲ್ಲಿಗೆ ಹೋಗಬೇಕೆಂದಿರುವ ಗೃಹಸ್ಥರಿಗಾಗಿ, ನಾವು ಕಂಡು ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ಅರಿಕೆಮಾಡುವೆವು.

ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಪ್ರವಾಸದ ದೋಣಿಗಳು ಹೊರಡುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲವೇ ಪ್ರಶಸ್ತ. ಶಂಕರಪುರ, ಕಟಪಾಡಿಗಳ ಮಾರ್ಗವಾಗಿ ಉಡುಪಿಗೆ ಬಂದು, ಅಲ್ಲಿಂದ ಮಲ್ಪೆಯನ್ನು ಬೆಳಗ್ಗೆಯೇ ಸೇರತಕ್ಕದ್ದು. ದೋಣಿಯಲ್ಲಿ ಜನ ತುಂಬುವ ತನಕ ಕಾಯಬೇಕಾಗುವುದುಂಟು. ತಡವಾಗಿ ಹೋದವರಿಗೆ ಉರಿಬಿಸಿಲೇ ಗತಿ. ಮುಡಿಗೆ ಮಲ್ಲಿಗೆ ಬೇಕೆನ್ನುವ ಹೆಂಗಸರು ಹಿಂದಿರುಗುವಾಗ ಕೊಳ್ಳಲಿ. ಕಡಲ ಗಾಳಿಗೆ ಹೂವು ನಿಲ್ಲದು.

ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ತಿಂಡಿಯ ಪೊಟ್ಟಣಗಳನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ತಡೆಯುವುದುಂಟಾದಕಾರಣ, ಹೊಟ್ಟೆತುಂಬ ಉಂಡು ಹೊರಡುವುದೇ ಲೇಸು. ಹಳೆಯ ಕೊಡೆ, ತಲೆಗೊಂದು ವಸ್ತ್ರ, ಕಾಲಿಗೆ ಜಾರದ ಪಾದರಕ್ಷೆ, ಇಷ್ಟು ಮರೆಯಬಾರದು. ಅಲ್ಲಿಯ ದಂಡೆಯ ಬಹುಭಾಗವು ಚಿಪ್ಪುಗಳ ಚೂರು, ಬರಿಗಾಲಿಗೆ ಚುಚ್ಚುವುದು.

ಇನ್ನು ನೋಡತಕ್ಕ ವಸ್ತು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಮೇರಿಮಾತೆಯ ಹೆಸರಿಟ್ಟನೆಂಬ ಐತಿಹ್ಯವುಂಟು. ಆದರೆ ಇಲ್ಲಿಯ ಕಲ್ಲುಗಳ ಮುಂದೆ ಆ ಸಂವತ್ಸರವು ನಿನ್ನೆಯ ಮಾತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದುಕ್ಕಿದ ಲಾವಾರಸವು ಆರುತ್ತ ಸಂಕೋಚಗೊಂಡು ಬಿರುಕುಬಿಟ್ಟಿತು. ಒಣಗಿದ ಕೆರೆಯ ಕೆಸರು ಬಿರಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಹಾಗೆ ಬಿರಿದ ಶಿಲೆಯೇ ಐದು, ಆರು, ಏಳು ಮುಖಗಳ ಕಂಬಗಳಾಗಿ, ಶಿಲ್ಪಿಯು ಉಳಿಯಿಂದ ಕಡೆದು ನಿಲ್ಲಿಸಿದಂತೆ ಸಾಲುಸಾಲಾಗಿ ನಿಂತಿದೆ. ಐರ್ಲೆಂಡಿನ ಕಡಲತೀರದಲ್ಲಿಯೂ ಇಂಥ ಶಿಲಾಸ್ತಂಭಗಳಿವೆ.

ಕಳೆದ ಮಾಘದಲ್ಲಿ ನಾವು ಈ ಸಂಗತಿಯನ್ನೇ ಮೊಮ್ಮಕ್ಕಳಿಗೆ ವಿಸ್ತಾರವಾಗಿ ಬೋಧಿಸುತ್ತ ನಿಂತಿದ್ದೆವು. ಪಾಠ ಹೇಳುವ ಹಳೆಯ ಚಾಳಿ. ಮುಖಗಳನ್ನು ಎಣಿಸಿರೆಂದು ಹೇಳಿದವರೂ ನಾವೇ. ಎಂಟು ವರ್ಷದ ಕಿರಿಯವನು ಎಣಿಸುತ್ತ ಎಣಿಸುತ್ತ ನೀರಿನ ಕಡೆಯ ಕಂಬಕ್ಕೆ ಇಳಿದುದು ನಮ್ಮ ಗಮನಕ್ಕೆ ಬರಲಿಲ್ಲ. ಕಾವಲಿನ ಯುವಕನು ಸೀಟಿ ಊದಿದಾಗಲೂ, ಅದು ಬೇರೆಯವರಿಗಿರಬೇಕೆಂದು ಭಾವಿಸಿದೆವು! ಮರುಕ್ಷಣದಲ್ಲಿ ಅಲೆಯೊಂದು ಬಡಿದು ಮಗುವು ಪಾಚಿಯ ಮೇಲೆ ಜಾರಿತು. ಆ ಯುವಕನು ಓಡಿಬಂದು ತೋಳು ಹಿಡಿದೆಳೆಯದಿದ್ದರೆ ಈ ಲೇಖನವನ್ನು ಬರೆಯುವ ಮನಸ್ಸು ನಮಗಿರುತ್ತಿರಲಿಲ್ಲ. 2022ರಲ್ಲಿ ಪ್ರವಾಸಕ್ಕೆಂದು ಬಂದ ಕೇರಳದ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು.

ಆದುದರಿಂದ ವಾಚಕರಲ್ಲಿ ನಮ್ಮ ಪ್ರಾರ್ಥನೆಯಿಷ್ಟೆ. ಒಣಗಿದ ಬಂಡೆಯನ್ನಲ್ಲದೆ ತೊಯ್ದ ಕಪ್ಪು ಬಂಡೆಯನ್ನು ತುಳಿಯಬೇಡಿರಿ. ತೊಯ್ದಿದೆಯೆಂದರೆ ಅಲೆಯು ಅಲ್ಲಿಯ ವರೆಗೆ ಬಂದಿದೆ, ಮತ್ತೆ ಬರುವುದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವು ಅಧಿಕ. ಹೊರಡುವ ಮುನ್ನ ಪಂಚಾಂಗವನ್ನು ನೋಡುವ ಅಭ್ಯಾಸವಿದ್ದವರಿಗೆ ಇದೊಂದು ಹೆಚ್ಚಿನ ಶ್ರಮವಲ್ಲ. ಕಡಲಿಗೆ ಬೆನ್ನುಹಾಕಿ ಭಾವಚಿತ್ರ ತೆಗೆಸಿಕೊಳ್ಳಬೇಡಿರಿ. ಸ್ನಾನದ ಆಸೆಯಿದ್ದವರು ಮಲ್ಪೆಗೆ ಮರಳಿದ ಮೇಲೆ, ಕಾವಲಿರುವ ಮರಳದಂಡೆಯಲ್ಲಿ ತೀರಿಸಿಕೊಳ್ಳಲಿ. ಒಬ್ಬೊಬ್ಬ ಮಗುವಿನ ಕೈ ಒಬ್ಬೊಬ್ಬ ಹಿರಿಯರ ಕೈಯಲ್ಲಿರಲಿ. ಕಲ್ಲಿನ ಕಥೆಯನ್ನು ದೋಣಿಯಲ್ಲಿ ಕುಳಿತಾಗಲೇ ಹೇಳಿ ಮುಗಿಸಿರಿ.

ಮೊಮ್ಮಗನ ಒಂದು ಪಾದರಕ್ಷೆಯು ಅಂದು ಕಡಲ ಪಾಲಾಯಿತು. ಉಳಿದೊಂದನ್ನು ಎಸೆಯಲು ನಮ್ಮ ಮನೆಯಾಕೆ ಬಿಟ್ಟಿಲ್ಲ. ಚಾವಡಿಯ ಮೂಲೆಯಲ್ಲಿ ಇಂದಿಗೂ ಇದೆ.