ಪ್ರಾಸ್ಟೇಟ್ ಕ್ಯಾನ್ಸರ್: ಕಿಮೋ ಯಾವಾಗ ಬೇಕು, ಯಾವಾಗ ಬೇಡ?

ಮನೆಯ ಹಿರಿಯರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿದಾಗ ಕುಟುಂಬದವರು ಎರಡು ಮಾತು ಕೇಳುತ್ತಾರೆ. "ಇನ್ನೂ ಕಿಮೋ ಕೊಟ್ಟಿಲ್ಲವಲ್ಲ, ಡಾಕ್ಟರು ಕೈಬಿಟ್ಟರೇ?" ಎಂಬುದು ಒಂದು. "ಈ ವಯಸ್ಸಿನಲ್ಲಿ ಅಬ್ಬನಿಗೆ ಕಿಮೋ ಬೇಡ, ನೀವೇ ಯೂನಾನಿ ಔಷಧಿ ಕೊಡಿ" ಎಂಬುದು ಇನ್ನೊಂದು. ರೋಗ ಯಾವ ಹಂತದಲ್ಲಿದೆ ಎಂದು ತಿಳಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿಯೇ ಪ್ರಾಸ್ಟೇಟ್. ವಯಸ್ಸಾದಂತೆ ಇದು ಊದಿಕೊಳ್ಳುವುದು ಸಾಮಾನ್ಯ. ಊದಿದ್ದೆಲ್ಲ ಕ್ಯಾನ್ಸರ್ ಅಲ್ಲ. ಪಿಎಸ್‌ಎ ರಕ್ತಪರೀಕ್ಷೆ ಅನುಮಾನ ಹುಟ್ಟಿಸಬಹುದು, ಆದರೆ ಖಚಿತವಾಗುವುದು ಬಯಾಪ್ಸಿಯಿಂದ.

ಕಿಮೋ ಮೊದಲಿಗೇ ಏಕಿಲ್ಲ?

ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದರೆ ಸಾಮಾನ್ಯವಾಗಿ ಕಿಮೋ ಬೇಕಾಗುವುದಿಲ್ಲ. ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ಸಾಕಾಗುತ್ತದೆ. ತೀರಾ ನಿಧಾನವಾಗಿ ಬೆಳೆಯುವ ಗಡ್ಡೆಯಾದರೆ ಆಗಾಗ ಪರೀಕ್ಷಿಸುತ್ತಾ ಕಾಯುವುದೂ ಒಂದು ಕ್ರಮ. ಅದು ನಿರ್ಲಕ್ಷ್ಯವಲ್ಲ.

ರೋಗ ಮೂಳೆಗೋ ಬೇರೆಡೆಗೋ ಹರಡಿದ್ದರೆ ಹಾರ್ಮೋನ್ ಚಿಕಿತ್ಸೆ ಮೊದಲು ಬರುತ್ತದೆ. ಈ ಕ್ಯಾನ್ಸರ್ ಬೆಳೆಯಲು ಟೆಸ್ಟೊಸ್ಟಿರೋನ್ ಎಂಬ ಪುರುಷ ಹಾರ್ಮೋನ್ ಬೇಕು. ಅದನ್ನು ತಡೆದರೆ ರೋಗ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಕಾಲಕ್ರಮೇಣ ಕ್ಯಾನ್ಸರ್ ಈ ತಡೆಯನ್ನು ಮೀರಿ ಬೆಳೆಯಲು ಕಲಿಯುತ್ತದೆ.

ಆಗ ಉಪಯೋಗಕ್ಕೆ ಬರುವ ಮುಖ್ಯ ಕಿಮೋ ಔಷಧಿ ಡೋಸಿಟ್ಯಾಕ್ಸೆಲ್. ಕ್ಯಾನ್ಸರ್ ಕೋಶ ಎರಡಾಗಿ ಒಡೆಯುವುದನ್ನು ಅದು ತಡೆಯುತ್ತದೆ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ರೋಗದಲ್ಲೂ ಅದು ಆಯುಷ್ಯ ಹೆಚ್ಚಿಸುತ್ತದೆ ಎಂದು 2004ರಲ್ಲಿ ಸಾಬೀತಾಯಿತು. ಹರಡಿದ ರೋಗಕ್ಕೆ ಆರಂಭದಲ್ಲೇ ಹಾರ್ಮೋನ್ ಜೊತೆ ಕೊಟ್ಟರೆ ಲಾಭ ಇನ್ನೂ ಹೆಚ್ಚು. 790 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹಾರ್ಮೋನ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 44 ತಿಂಗಳು ದಾಟಿದರೆ, ಎರಡನ್ನೂ ಪಡೆದವರಲ್ಲಿ ಅರ್ಧದಷ್ಟು ಜನ 57 ತಿಂಗಳು ದಾಟಿದರು. ಈ ಹಂತದಲ್ಲಿ ಕಿಮೋ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಆದರೆ ಒಂದು ವರ್ಷಕ್ಕೂ ಹೆಚ್ಚು ಆಯುಷ್ಯ ಸಣ್ಣ ವಿಷಯವಲ್ಲ.

ವಯಸ್ಸೊಂದೇ ಕಿಮೋಗೆ ಅಡ್ಡಿಯಲ್ಲ. ಹೃದಯ, ಯಕೃತ್ತು, ರಕ್ತದ ಸ್ಥಿತಿ ಮತ್ತು ನಡೆದಾಡುವ ಶಕ್ತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಕೆಲವರಿಗೆ ಕಿಮೋ ಬದಲು ಹೊಸ ಹಾರ್ಮೋನ್ ಮಾತ್ರೆಗಳೇ ಸೂಕ್ತವಾಗಬಹುದು.

ಯೂನಾನಿಯ ಪಾತ್ರವೇನು?

ಡೋಸಿಟ್ಯಾಕ್ಸೆಲ್ ತಯಾರಾಗುವುದು ಯೂ ಎಂಬ ಮರದ ಎಲೆಯಿಂದ ತೆಗೆದ ವಸ್ತುವಿನಿಂದ. ಯೂನಾನಿಯಲ್ಲಿ ಜರ್ನಬ್ ಎನ್ನುವುದು ಇದೇ ಜಾತಿಯ ಮರವನ್ನು. ಹಾಗೆಂದು ಜರ್ನಬ್ ಪುಡಿ ತಿಂದರೆ ಕಿಮೋ ಆಗುವುದಿಲ್ಲ. ಆ ಎಲೆ ವಿಷಕಾರಿ. ಪ್ರಯೋಗಾಲಯದಲ್ಲಿ ರೂಪಾಂತರಿಸಿ, ಅಳತೆ ಮಾಡಿ ಕೊಟ್ಟಾಗ ಮಾತ್ರ ಅದು ಔಷಧಿ.

ಕರಿಜೀರಿಗೆ ಎಣ್ಣೆ, ಮಾಜೂನ್, ಕುಷ್ತಾಗಳ ಬಗ್ಗೆಯೂ ಅನೇಕರು ಕೇಳುತ್ತಾರೆ. ಇವು ಯಾವುದೂ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕಿಮೋ ಬದಲಿಯಲ್ಲ. ಡೋಸಿಟ್ಯಾಕ್ಸೆಲ್ ಕರಗುವುದು ಯಕೃತ್ತಿನಲ್ಲಿ. ಕೆಲವು ಗಿಡಮೂಲಿಕೆಗಳು ಆ ಕೆಲಸವನ್ನು ಹೆಚ್ಚು ಕಡಿಮೆ ಮಾಡುತ್ತವೆ. ಆಗ ಔಷಧಿ ವಿಷವಾಗಬಹುದು ಅಥವಾ ನಿಷ್ಫಲವಾಗಬಹುದು. ಆದ್ದರಿಂದ ಕಿಮೋ ನಡೆಯುವಾಗ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಏನನ್ನೂ ಕೊಡಬೇಡಿ, ಹಕೀಮರು ಬರೆದುಕೊಟ್ಟದ್ದಾದರೂ ಸರಿ.

ಮನೆಯಲ್ಲಿ ಗಮನಿಸಬೇಕಾದದ್ದು

ಕಿಮೋವನ್ನು 3 ವಾರಕ್ಕೊಮ್ಮೆ ಸುಮಾರು ಒಂದು ಗಂಟೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಹಾರ್ಮೋನ್ ಜೊತೆ ಆರಂಭಿಸಿದರೆ ಸಾಮಾನ್ಯವಾಗಿ 6 ಸಲ. ಸುಸ್ತು, ಕೂದಲು ಉದುರುವುದು, ಬೆರಳು ಜೋಮು ಹಿಡಿಯುವುದು ಇರುತ್ತದೆ. ನಿಜವಾದ ಅಪಾಯವೆಂದರೆ ರಕ್ತದ ಬಿಳಿಕಣ ಕುಸಿದು ಸೋಂಕು ತಗಲುವುದು. ಮೊದಲ ಎರಡು ವಾರ ವಿಶೇಷ ಎಚ್ಚರ ಬೇಕು.

* ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.
* ಕುದಿಸಿದ ನೀರು, ಚೆನ್ನಾಗಿ ಬೇಯಿಸಿದ ಬಿಸಿ ಊಟ ಕೊಡಿ. ಹಸಿ ಹಾಲು, ಹೆಚ್ಚಿಟ್ಟ ಹಣ್ಣು ಬೇಡ.
* ರೋಗಿಯನ್ನು ನೋಡಲು ಬರುವುದು ಪುಣ್ಯದ ಕೆಲಸವೇ. ಆದರೆ ಶೀತ, ಕೆಮ್ಮು ಇದ್ದವರು ಫೋನಿನಲ್ಲೇ ವಿಚಾರಿಸಲಿ. ಮುಸಾಫಹಾ ಮಾಡುವ ಮುನ್ನ ಸಾಬೂನಿನಿಂದ ಕೈ ತೊಳೆಯಲಿ.
* ಕಿಮೋ ನಂತರ ಎರಡು ದಿನ ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶವಿರುತ್ತದೆ. ಶುಚಿ ಮಾಡುವವರು ಕೈಗವಸು ಹಾಕಲಿ, ಗರ್ಭಿಣಿಯರು ಮುಟ್ಟದಿರಲಿ.
* ರಮಝಾನಿನಲ್ಲಿ ಕಿಮೋ ಬಂದರೆ ಉಪವಾಸಕ್ಕಾಗಿ ದಿನ ಮುಂದೂಡಬೇಡಿ. ರೋಗಿಗೆ ಇಸ್ಲಾಮಿನಲ್ಲೇ ರಿಯಾಯಿತಿ ಇದೆ.

ಕೊಡಗಿನಿಂದ ಕ್ಯಾನ್ಸರ್ ಚಿಕಿತ್ಸೆಗೆ ಮೈಸೂರು, ಮಂಗಳೂರು ಇಲ್ಲವೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರೇ ಹೆಚ್ಚು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಗತಿಯೇನು ಎಂದು ಮೊದಲೇ ಯೋಚಿಸಿ. ರಾತ್ರಿ ಜ್ವರ ಬಂದರೆ ಹೋಗಬೇಕಾದ ಹತ್ತಿರದ ಆಸ್ಪತ್ರೆ ಯಾವುದೆಂದು ಕ್ಯಾನ್ಸರ್ ವೈದ್ಯರನ್ನೇ ಕೇಳಿ, ಕಿಮೋ ಚೀಟಿಯನ್ನು ಕೈಗೆ ಸಿಗುವಲ್ಲಿ ಇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಪಡೆದುಕೊಳ್ಳಿ.

ವೈದ್ಯರ ಬಳಿ ಹೋದಾಗ ಮೂರು ಪ್ರಶ್ನೆ ಕೇಳಲು ಮರೆಯಬೇಡಿ: ರೋಗ ಹರಡಿದೆಯೇ? ಈಗ ಕಿಮೋ ಏಕೆ ಬೇಕು, ಅಥವಾ ಏಕೆ ಬೇಡ? ತೆಗೆದುಕೊಂಡರೆ ಏನು ಸಿಗುತ್ತದೆ? ಉತ್ತರ ಕೇಳಲು ರೋಗಿಯೂ ಜೊತೆಯಲ್ಲಿರಲಿ. ದೇಹ ಅವರದು; ತೀರ್ಮಾನದಲ್ಲಿ ಅವರ ಮಾತೂ ಇರಬೇಕು.