ಹುಣಸೆಬೀಜದ ಹುಳ, ಕಡಲೆಕಾಯಿ ಮೂಟೆ, ಹಸುವಿನ ಹಾಲು



ಹುಣಸೆಹಣ್ಣಿನ ಬೀಜ ಬಿಡಿಸುವಾಗ ದುಂಡನೆಯ ತೂತು ಬಿದ್ದ ಬೀಜಗಳನ್ನು ನೋಡಿರುತ್ತೀರಿ. ಆ ತೂತು ಕೊರೆಯುವ ಕಂದುಬಣ್ಣದ ಪುಟ್ಟ ದುಂಬಿ ಪಶ್ಚಿಮ ಆಫ್ರಿಕಾದ ಸೆನೆಗಲ್, ಮಾಲಿ, ನೈಜರ್, ನೈಜೀರಿಯಾ ದೇಶಗಳಲ್ಲೂ ಇದೆ. ಅಲ್ಲಿ ಕೂಡಿಟ್ಟ ಕಡಲೆಕಾಯಿಗೆ ಅದರದೇ ದೊಡ್ಡ ಕಾಟ. ಅಷ್ಟು ದೂರದ ಹುಳದ ಸುದ್ದಿ ನಮಗೇಕೆ ಎನ್ನಬೇಡಿ. ಕಡಲೆಕಾಯಿ ಹಿಂಡಿ ತಿನ್ನುವ ಹಸು ನಿಮ್ಮ ಕೊಟ್ಟಿಗೆಯಲ್ಲೂ ಇದೆ.

ಅಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ಕಿತ್ತು ಹೊಲದಲ್ಲೇ ಒಣಗಲು ಬಿಡುತ್ತಾರೆ. ಸುತ್ತಲಿನ ಹುಣಸೆ ಮರಗಳಿಂದ, ಹಳೇ ಮೂಟೆಗಳಿಂದ ದುಂಬಿ ಬಂದು ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಮರಿಹುಳ ಮೊಟ್ಟೆಯಿಂದಲೇ ನೇರವಾಗಿ ಸಿಪ್ಪೆ ಕೊರೆದು ಒಳಗೆ ಇಳಿಯುತ್ತದೆ. ಬೇರೆ ಹುಳಗಳನ್ನು ಗಟ್ಟಿ ಸಿಪ್ಪೆ ತಡೆಯುತ್ತದೆ, ಇದಕ್ಕೆ ಅದು ಲೆಕ್ಕಕ್ಕಿಲ್ಲ. ಮೂಟೆಯ ಅಡಿಯಲ್ಲಿ ಕಾಗದದಂಥ ಬಿಳಿ ಗೂಡುಗಳು ಕಾಣುವ ಹೊತ್ತಿಗೆ ಒಳಗಿನ ಕಾಳು ಪೊಳ್ಳಾಗಿರುತ್ತದೆ.

ತೂಕ ಹೋಗಿದ್ದು ಒಂದು ನಷ್ಟ. ನನ್ನ ಚಿಂತೆ ಅದಲ್ಲ, ತೂತಿನ ಹಿಂದೆಯೇ ಬರುವ ಹಸಿರು ಬೂಷ್ಟು. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗಲೇ ಈ ವಿಷ ಪತ್ತೆಯಾದದ್ದು. ಹಸು ಅದನ್ನು ತಿಂದರೆ ಒಂದು ಪಾಲು ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ಕಾನೂನಿನಂತೆ ಒಂದು ಕಿಲೋ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರಬಾರದು. ಅಂದರೆ ಒಂದು ಗ್ರಾಂನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು!

ಉತ್ತರ ನೈಜೀರಿಯಾದ ಹೆಂಗಸರು ಕಡಲೆಕಾಯಿಯಿಂದ ಕೈಯಲ್ಲೇ ಎಣ್ಣೆ ಹಿಂಡಿ, ಉಳಿದ ಹಿಂಡಿಯನ್ನು ಕರಿದು 'ಕುಲಿಕುಲಿ' ಎಂಬ ತಿಂಡಿ ಮಾಡಿ ಮಾರುತ್ತಾರೆ. ಕಾಳು ಕೆಟ್ಟರೆ ಅವರ ದುಡಿಮೆಯೂ ಕೆಟ್ಟಿತು. ಆ ಭಾಗದಲ್ಲಿ ಈಗ ಮೂರು ಪದರದ ಚೀಲ ಬಳಕೆಗೆ ಬಂದಿದೆ: ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಗೋಣಿ. ಒಂದೊಂದನ್ನೂ ಬೇರೆಬೇರೆಯಾಗಿ ಬಿಗಿದು ಕಟ್ಟಿದರೆ ಹುಳ ಗಾಳಿಯಿಲ್ಲದೆ ಸಾಯುತ್ತದೆ. ಔಷಧಿ ಪುಡಿ ಬೇಡ. ಆದರೆ ಕಾಯಿ ಅಲ್ಲಾಡಿಸಿದರೆ ಗಲಗಲ ಎನ್ನುವಷ್ಟು ಒಣಗಿರಬೇಕು. ಹಸಿ ಇದ್ದರೆ ಚೀಲದೊಳಗೇ ಬೂಷ್ಟು ಕಟ್ಟುತ್ತದೆ.

ಹೋದ ತಿಂಗಳು ಒಬ್ಬ ತಾಯಿ ಅರ್ಧ ಚೀಲ ಮುಗ್ಗಿದ ಕಾಯಿ ತೋರಿಸಿ, "ಮನುಷ್ಯರಿಗಾಗಲ್ಲ, ಹಸೂಗೆ ಹಾಕ್ಲಾ ಡಾಕ್ಟ್ರೇ?" ಎಂದರು. ಬೇಡ ಎಂದೆ. ಅವರ ಮುಖ ಸಪ್ಪಗಾಯಿತು, ನನಗೂ ಕಷ್ಟವೇ ಆಯಿತು. ಆದರೂ ಗುಂಡಿ ತೋಡಿ ಹೂಳಿಸಿದೆ. ಕಹಿ ವಾಸನೆಯ, ಗಂಟುಗಟ್ಟಿದ ಹಿಂಡಿಗೂ ಇದೇ ಮಾತು. ಹಿಂಡಿ ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರವಿರಲಿ. ಗೊತ್ತಿಲ್ಲದೆ ಈಗಾಗಲೇ ಹಾಕಿದ್ದರೆ ಇವತ್ತೇ ನಿಲ್ಲಿಸಿ. ನಾಲ್ಕೈದು ದಿನದಲ್ಲಿ ಹಾಲಿನಲ್ಲಿರುವ ವಿಷ ಇಳಿಯುತ್ತದೆ. ಅಲ್ಲಿಯವರೆಗೆ ಆ ಹಾಲನ್ನು ಡೇರಿಗೂ ಹಾಕಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ.