ಕರಾವಳಿಯಲ್ಲಿ ಕುರಿ ಸಾಕಣೆ: ಕೊಟ್ಟಿಗೆ ಮಂಜೂರಾತಿಗೆ ಮುನ್ನ

ಕುರಿ ಕೊಟ್ಟಿಗೆಗೆ ಬೇಡಿಕೆ ಸಲ್ಲಿಕೆಯಾದಾಗ ಗ್ರಾಮ ಪಂಚಾಯತ್ ಸದಸ್ಯರು ಮೊದಲು ತಳಿಯನ್ನು ವಿಚಾರಿಸುವುದು ಸೂಕ್ತ. ಮಂಡ್ಯ ಭಾಗದ ಬನ್ನೂರು ಮತ್ತು ರಾಯಚೂರು, ಕೊಪ್ಪಳ ಭಾಗದ ಕೆಂಗುರಿ ಮಾಂಸಕ್ಕಾಗಿ ಸಾಕುವ ತಳಿಗಳು. ಇವುಗಳ ಮೈಮೇಲಿರುವುದು ಒರಟು ಕೂದಲೇ ಹೊರತು ದಟ್ಟ ಉಣ್ಣೆಯಲ್ಲ. ಆದರೂ ಇವು ಒಣಸೀಮೆಯ ಪ್ರಾಣಿಗಳು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿ ಜಿಲ್ಲೆಯಲ್ಲಿ ಗೊರಸು ಕೊಳೆರೋಗ ಮತ್ತು ಜಂತುಹುಳುಗಳಿಂದ ಮೊದಲ ಮಳೆಗಾಲದಲ್ಲೇ ಮಂದೆ ಕರಗುವ ಅಪಾಯವಿದೆ.

ಘಟ್ಟದ ಮೇಲಿನ ನೆಲಕೊಟ್ಟಿಗೆಯ ನಕ್ಷೆಯನ್ನೇ ಇಲ್ಲಿ ಅನುಮೋದಿಸಿದರೆ ಹಣ ವ್ಯರ್ಥ. ನೆಲದಿಂದ 3–4 ಅಡಿ ಎತ್ತರದ ಅಟ್ಟಣಿಗೆ ಅಗತ್ಯ. ಅದಕ್ಕೆ ಅಡಿಕೆ ದಬ್ಬೆ ಸಾಕು. ದುಬಾರಿ ಸಾಮಗ್ರಿಯೇ ಆಗಬೇಕೆಂದಿಲ್ಲ. ದಬ್ಬೆಗಳ ನಡುವಿನ ಸಂದು ಸುಮಾರು ಒಂದೂವರೆ ಸೆಂ.ಮೀ. ಇದ್ದರೆ ಹಿಕ್ಕೆ ಕೆಳಗುದುರುತ್ತದೆ, ಮರಿಯ ಕಾಲು ಸಿಲುಕುವುದಿಲ್ಲ. ಬೆಳೆದ ಕುರಿಗೆ ತಲಾ 10 ಚದರ ಅಡಿ ಸ್ಥಳ ಬೇಕು. ಮಳೆಗಾಲಕ್ಕೆ ಮುನ್ನ ಕರುಳುಬೇನೆ ಲಸಿಕೆ ಹಾಗೂ ಜಂತುನಾಶಕವನ್ನು ಪಶುವೈದ್ಯರ ಸಲಹೆಯಂತೆ ಕೊಡಿಸಬೇಕು.

ಗರ್ಭಾವಧಿ ಸುಮಾರು 150 ದಿನ. ಜೂನ್‌ನಲ್ಲಿ ಟಗರು ಬಿಟ್ಟರೆ ಮರಿಗಳು ನವೆಂಬರ್‌ನ ಒಣಹವೆಯಲ್ಲಿ ಹುಟ್ಟುತ್ತವೆ. ಜನವರಿಯಲ್ಲಿ ಬಿಟ್ಟರೆ ಜೂನ್‌ನ ಜಡಿಮಳೆಯಲ್ಲಿ. ಒಂದು ಟಗರು 25 ಹೆಣ್ಣು ಕುರಿಗಳಿಗೆ ಸಾಕಾಗುವುದರಿಂದ ಐದಾರು ಕುರಿ ಸಾಕುವ ನಾಲ್ಕು ಮನೆಗಳು ಒಂದನ್ನೇ ಹಂಚಿಕೊಳ್ಳಬಹುದು. ಅದರ ಹೆಣ್ಣುಮರಿಗಳು ಮೂರನೆಯ ಜೂನ್‌ ವೇಳೆಗೆ ಬೆದೆಗೆ ಬಂದಿರುತ್ತವೆ. ತಂದೆ–ಮಗಳ ಕೂಡಿಕೆ ತಪ್ಪಿಸಲು ಅಷ್ಟರೊಳಗೆ ಟಗರನ್ನು ನೆರೆಗ್ರಾಮದ ಗುಂಪಿನೊಂದಿಗೆ ಅದಲು ಬದಲು ಮಾಡಿಸತಕ್ಕದ್ದು.